ಕೈಗೆ ಎಷ್ಟ್ ಬತ್ತದೆ?

ನಮ್ಮ ದೊಡ್ಡಪ್ಪನಿಗೆ ಸುತ್ತಿಬಳಸಿ ಕೇಳಿ ಗೊತ್ತಿಲ್ಲ. 2018ರ ಯುಗಾದಿಗೆ ಅರಕಲಗೂಡು ಪಕ್ಕದ ನಮ್ಮೂರಿಗೆ ಹೋದಾಗ ಜಗಲಿ ಮೇಲೆ ಕೂತವರಿಗೆಲ್ಲ ಹೊಸ ವಿಸಿಟಿಂಗ್ ಕಾರ್ಡ್ ಹಂಚಿದೆ. ಕಂಪನಿಯವರು ಐನೂರು ಕಾರ್ಡ್ ಮಾಡಿಸಿಕೊಟ್ಟಿದ್ದರು. ಹೆಸರಿನ ಕೆಳಗೆ ‘ಏರಿಯಾ ಮ್ಯಾನೇಜರ್’ ಅಂತ ಚಿನ್ನದ ಬಣ್ಣದಲ್ಲಿತ್ತು. ದೊಡ್ಡಪ್ಪ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಪಕ್ಕದಲ್ಲಿದ್ದ ಎಲೆ ಅಡಿಕೆ ಡಬ್ಬಿಯ ಮೇಲಿಟ್ಟು, “ಕೈಗೆ ಎಷ್ಟ್ ಬತ್ತದೆ?” ಅಂದರು.

“ಪ್ಯಾಕೇಜ್ ಅಂತಿರ್ತದೆ ದೊಡ್ಡಪ್ಪ, ಅದು ಒಂಥರಾ ಬೇರೆ ಲೆಕ್ಕ” ಅಂತ ನುಣುಚಿಕೊಂಡೆ. ಇಂಥ ಪ್ರಶ್ನೆ ಕೇಳಬಾರದು ಅನ್ನೋ ನಾಗರಿಕತೆ ನನಗೆ ಹಾಸನದಲ್ಲಿ ಹತ್ತು ವರ್ಷ ಕೆಲಸ ಮಾಡುವಷ್ಟರಲ್ಲಿ ಬಂದಿತ್ತು. ನಿಜ ಏನೆಂದರೆ ಆ ಲೆಕ್ಕ ನನಗೇ ಗೊತ್ತಿರಲಿಲ್ಲ.

ಒಂದು ಖಾಸಗಿ ಫೈನಾನ್ಸಿನಲ್ಲಿ ಟ್ರ್ಯಾಕ್ಟರ್ ಸಾಲದ ಕಂತು ವಸೂಲಿ ನನ್ನ ಕೆಲಸ. ಮೊದಲು ‘ಎಕ್ಸಿಕ್ಯೂಟಿವ್’, ಆಮೇಲೆ ‘ಸೀನಿಯರ್ ಎಕ್ಸಿಕ್ಯೂಟಿವ್’, ಆಮೇಲೆ ಈ ‘ಏರಿಯಾ ಮ್ಯಾನೇಜರ್’. ಏರಿಯಾ ಅಂದರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಮೊದಲೂ ಅದೇ ಮೂರು ತಾಲ್ಲೂಕು, ಅದೇ ಬೈಕು. ಮ್ಯಾನೇಜ್ ಮಾಡಲು ಕೈಕೆಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಆ ವರ್ಷ ಇನ್‌ಕ್ರಿಮೆಂಟ್ ಕೇಳಿದವರಿಗೆಲ್ಲ ಮೇಲಿನವರು ಹುದ್ದೆ ಕೊಟ್ಟರು. ಕಾರ್ಡಿನ ಖರ್ಚು ಅಷ್ಟೇ ನೋಡಿ ಅವರಿಗೆ.

ಲೆಕ್ಕ ಹಾಕಿದ್ದು ಒಂದು ವರ್ಷ ಕಳೆದ ಮೇಲೆ, ಹೆಂಡತಿ ಕೇಳಿದಾಗ. ಮ್ಯಾನೇಜರ್ ಆಗುವ ಮುಂಚೆ ಕೈಗೆ ಬರುತ್ತಿದ್ದದ್ದು 24,600. ಭಾನುವಾರ ವಸೂಲಿಗೆ ಹೋದರೆ ವಾರಕ್ಕೆ 400ರಂತೆ ತಿಂಗಳಿಗೆ 1,600 ವೋಚರಿನಲ್ಲಿ ಬೇರೆ. ಪೆಟ್ರೋಲಿಗೆ ಕಿಲೋಮೀಟರ್ ಲೆಕ್ಕದಲ್ಲಿ ಪೂರ್ತಿ ಕೊಡುತ್ತಿದ್ದರು. ಮ್ಯಾನೇಜರ್ ಆದ ಮೇಲೆ ಸಂಬಳ 25,700. ಆದರೆ ಮ್ಯಾನೇಜರಿಗೆ ಭಾನುವಾರದ ವೋಚರ್ ಇಲ್ಲ, ಪೆಟ್ರೋಲಿಗೆ ಕಿಲೋಮೀಟರ್ ಲೆಕ್ಕವೂ ಇಲ್ಲ, 3,000 ನಿಗದಿ. ಮೂರು ತಾಲ್ಲೂಕು ಸುತ್ತೋಕೆ ನನಗೆ ಆಗುತ್ತಿದ್ದದ್ದು 5,400. ಮಿಕ್ಕ 2,400 ಜೇಬಿನಿಂದ. ಹಳೇ ಲೆಕ್ಕ 26,200, ಹೊಸ ಲೆಕ್ಕ 23,300. ಬಡ್ತಿ ಕೊಟ್ಟಿದ್ದಕ್ಕೆ ನಾನೇ ತಿಂಗಳಿಗೆ 2,900 ರೂಪಾಯಿ ಕಂಪನಿಗೆ ಕೊಡುತ್ತಿದ್ದೆ. ಮ್ಯಾನೇಜರ್ ಆಗಿದ್ದ ಮೂರು ವರ್ಷಕ್ಕೆ ಅದು ಕೊನೆಗೆ 1,04,400 ರೂಪಾಯಿ ಆಯಿತು. ಲೆಕ್ಕ ಹಾಕಿದ ದಿನ ಹೆಂಡತಿ ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿ ಇಟ್ಟು ಅಡುಗೆಮನೆಗೆ ಹೋದಳು. ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಇದರಲ್ಲಿ ಕಾನೂನಿನ ಒಂದು ಎಳೆಯೂ ಇದೆ. ಕರ್ನಾಟಕದ 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಹೆಚ್ಚುವರಿ ಹೊತ್ತು ದುಡಿಸಿಕೊಂಡರೆ ಎರಡರಷ್ಟು ಕೂಲಿ ಕೊಡಬೇಕು. ಆದರೆ ಆಡಳಿತದ ಸ್ಥಾನದಲ್ಲಿರುವವರು ಆ ಕಾಯ್ದೆಯ ಹೊರಗೆ. ‘ಮ್ಯಾನೇಜರ್’ ಅನ್ನೋ ಪದ ಯಾಕೆ ಅಷ್ಟು ಧಾರಾಳವಾಗಿ ಸಿಗುತ್ತದೆ ಅನ್ನೋದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಅನುಮಾನ. ಕೋರ್ಟಿಗೆ ಹೋದರೆ ನೋಡುವುದು ಬೋರ್ಡನ್ನಲ್ಲ, ಮಾಡುವ ಕೆಲಸವನ್ನು. ಆದರೆ 400 ರೂಪಾಯಿ ವೋಚರಿಗೆ ಯಾರು ಕೋರ್ಟು ಹತ್ತುತ್ತಾರೆ?

ಹಾಗಿದ್ದೂ ನಾನು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಕಾರಣ 2019ರಲ್ಲಿ ಹೊಳೆನರಸೀಪುರದ ಒಂದು ಮದುವೆ. ಛತ್ರದ ಬಾಗಿಲಲ್ಲಿ ಕಾಲೇಜಿನ ಗೆಳೆಯ ಸಿಕ್ಕಿದ. ಬೆಂಗಳೂರಿನಲ್ಲಿ ವಿದೇಶಿ ಬ್ಯಾಂಕೊಂದರ ಆಫೀಸು, ವೈಸ್ ಪ್ರೆಸಿಡೆಂಟ್. ಪಂಕ್ತಿಯಲ್ಲಿ ಎದುರುಬದುರು ಕೂತೆವು. ಎಲೆ ಮೇಲೆ ಬಿದ್ದ ಹೋಳಿಗೆ ಮುರಿದೆ, ಬಾಯಿಗೆ ಹೋಗಲಿಲ್ಲ. ಒಂದೇ ಬೆಂಚಿನಲ್ಲಿ ಕೂತವರು. ಅವನು ಉಪಾಧ್ಯಕ್ಷ, ನಾನು ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಟ್ರ್ಯಾಕ್ಟರ್ ಹುಡುಕುತ್ತಾ ಅಲೆಯುವವನು. ಬಡಿಸುವವನು ಎರಡು ಸಲ “ತುಪ್ಪ, ಸಾರ್” ಅಂದಿದ್ದು ಕೇಳಿಸಲಿಲ್ಲ. ವಾರದೊಳಗೆ ಕಾರಿಗೆ ಮುಂಗಡ ಕೊಟ್ಟಿದ್ದೆ. ಕಂತು 7,850.

ಎರಡು ವರ್ಷದ ಮೇಲೆ ಅವನೇ ಊರಿಗೆ ಬಂದಾಗ, ಹೇಮಾವತಿ ಸೇತುವೆ ಹತ್ತಿರ ಕಾರು ನಿಲ್ಲಿಸಿ ಮಾತಾಡುವಾಗ ಅವನ ಕಥೆ ಹೊರಬಿತ್ತು. ಅಮೆರಿಕದ ದೊಡ್ಡ ಬ್ಯಾಂಕುಗಳಲ್ಲಿ ವೈಸ್ ಪ್ರೆಸಿಡೆಂಟ್ ಅಂದರೆ ಮಧ್ಯದ ಒಂದು ಮೆಟ್ಟಿಲು, ಒಂದೊಂದು ಬ್ಯಾಂಕಿನಲ್ಲಿ ಸಾವಿರಾರು ಜನ ಇರುತ್ತಾರೆ. ಅದೇ ಮೆಟ್ಟಿಲಿನ ಹೆಸರು ಬೆಂಗಳೂರಿನ ಆಫೀಸಿಗೂ ಬಂದಿದೆ. “ನಮ್ಮ ಫ್ಲೋರಲ್ಲೇ ನಲವತ್ತು ಜನ ಇದೀವಿ ಕಣೋ. ಬಾತ್‌ರೂಮಿಗೆ ಹೋದರೂ ಇಬ್ಬರು ವೈಸ್ ಪ್ರೆಸಿಡೆಂಟ್ ಸಿಗ್ತಾರೆ” ಅಂದ. ಸಂಬಳ ನನಗಿಂತ ಎಷ್ಟೋ ಪಟ್ಟು ಹೆಚ್ಚು, ಅದರಲ್ಲಿ ಸುಳ್ಳಿಲ್ಲ. ಆದರೆ ನಾನು ಹೊಟ್ಟೆ ಉರಿದುಕೊಂಡಿದ್ದು ಅವನ ಸಂಬಳಕ್ಕಲ್ಲ. ಅದು ಎಷ್ಟೆಂದು ನನಗೆ ಗೊತ್ತೇ ಇರಲಿಲ್ಲ. ಎರಡು ಪದಕ್ಕೆ ಉರಿದುಕೊಂಡು ತಿಂಗಳಿಗೆ 7,850 ಕಟ್ಟುತ್ತಿದ್ದೆ.

ಹೆಸರು ಹಿಗ್ಗುವುದು ಖಾಸಗಿಯವರ ಚಾಳಿ ಮಾತ್ರ ಅಲ್ಲ. ನಮ್ಮ ಕಡೆ ಹಳ್ಳಿಯ ಲೆಕ್ಕ ಬರೆಯುತ್ತಿದ್ದವರು ವಂಶಪಾರಂಪರ್ಯದ ಶಾನುಭೋಗರು. ಅದರಲ್ಲೂ ಹೆಸರೊಬ್ಬರದು ಕೆಲಸ ಇನ್ನೊಬ್ಬರದು: ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಭೈರಪ್ಪನವರ ‘ಗೃಹಭಂಗ’ ಕಾದಂಬರಿಯಲ್ಲಿ ಶಾನುಭೋಗ ಅನ್ನಿಸಿಕೊಳ್ಳುವವನು ಚೆನ್ನಿಗರಾಯ, ಕೂತು ಲೆಕ್ಕ ಬರೆಯುವವಳು ನಂಜಮ್ಮ. ಗ್ರಾಮಾಧಿಕಾರಗಳನ್ನು ರದ್ದು ಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಸಂಬಳದ ಗ್ರಾಮಲೆಕ್ಕಿಗರು ಬಂದರು. ಈಗ ಅವರು ‘ಗ್ರಾಮ ಆಡಳಿತ ಅಧಿಕಾರಿ’. 2024ರಲ್ಲಿ 1,000 ಹುದ್ದೆಗೆ ಅರ್ಜಿ ಕರೆದಾಗ ವೇತನ ಶ್ರೇಣಿ 21,400ರಿಂದ 42,000, ಲೆಕ್ಕಿಗರಿಗಿದ್ದದ್ದೂ ಅದೇ. ಅದೇ ವರ್ಷ ಈ ಅಧಿಕಾರಿಗಳು ಮುಷ್ಕರಕ್ಕೆ ಕೂತು ಕೇಳಿದ್ದರಲ್ಲಿ ಮೇಜು, ಕುರ್ಚಿ, ಲ್ಯಾಪ್‌ಟಾಪ್ ಇದ್ದವು. ಚೆಸ್ಕಾಂನಲ್ಲಿರುವ ನನ್ನ ದೋಸ್ತಿಯೊಬ್ಬ ಈಗ ಲೈನ್‌ಮನ್ ಅಲ್ಲ, ‘ಪವರ್‌ಮ್ಯಾನ್’. “ಹೆಸ್ರು ಬದಲಾಯ್ತು ಗುರು, ಕಂಬ ಅದೇ” ಅಂತಾನೆ.

ಆದರೂ ಅವನು ಮೋಸ ಹೋಗಲಿಲ್ಲ, ನಾನು ಹೋದೆ. ಯಾಕೆಂದರೆ ಅವನ ಸಂಬಳ ಎಷ್ಟು ಅಂತ ಸರ್ಕಾರ ಅಚ್ಚು ಹಾಕಿ ಊರಿಗೆಲ್ಲ ಹೇಳಿದೆ. ಖಾಸಗಿಯಲ್ಲಿ ಹುದ್ದೆ ಜಗಜ್ಜಾಹೀರು, ಸಂಬಳ ಗುಟ್ಟು. ಪಕ್ಕದ ಮೇಜಿನವನಿಗೆ ಹೇಳಿದರೆ ಕೆಲಸ ಹೋದೀತು ಅನ್ನೋ ಹೆದರಿಕೆ. ಹೀಗಾಗಿ ನಾವು ಕಣ್ಣಿಗೆ ಕಾಣುವ ಅರ್ಧದಲ್ಲೇ ಹೋಲಿಸಿಕೊಂಡು ಹಿಂದೆ ಬಿದ್ದೆವು ಅಂತ ಕೊರಗುತ್ತೇವೆ.

ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು. ರಾಮನಾಥಪುರದ ಹರಾಜು ಮಾರುಕಟ್ಟೆಗೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಸಾಲಾಗಿ ಜೋಡಿಸಿದ ಸೊಪ್ಪಿನ ಮೂಟೆಗಳ, ಅಂದರೆ ಬೇಲುಗಳ, ನಡುವೆ ಕೊಳ್ಳುವವರು ನಡೆದುಕೊಂಡು ಬರುತ್ತಿದ್ದರು. ಒಬ್ಬ ಬೇಲಿನ ಹೊಟ್ಟೆಗೆ ಕೈ ಹಾಕಿ ನಡುವಿನ ಎಲೆ ಎಳೆದು, ಬೆಳಕಿಗೆ ಹಿಡಿದು, ಹಿಸುಕಿ, ಮೂಸಿ ನೋಡುತ್ತಿದ್ದ. ಮೇಲಿನ ಎಲೆ ಬ್ರೈಟ್ ಇದ್ದು ಒಳಗೆ ಲೋ ಗ್ರೇಡ್ ತುರುಕಿದ್ದರೆ ಅಲ್ಲೇ ಬಯಲು. ಕೆಜಿಗೆ ಇಷ್ಟು ಅಂತ ಎಲ್ಲರೆದುರು ಕೂಗಿ ಚೀಟಿಯಲ್ಲಿ ಬರೆಯುತ್ತಿದ್ದರು. ಸೊಪ್ಪು ಹದ ಮಾಡುವ ನಮ್ಮ ಬ್ಯಾರನ್ ಪಕ್ಕದ ಹೊಲದವನಿಗೆ ಎಷ್ಟು ಸಿಕ್ಕಿತು ಅನ್ನೋದು ಅಪ್ಪನಿಗೆ ಪೈಸೆ ಸಮೇತ ಗೊತ್ತಿರುತ್ತಿತ್ತು. ಹೊಟ್ಟೆಕಿಚ್ಚು ಪಡುತ್ತಿದ್ದರು, ಪಡದೆ ಏನು. ಆದರೆ ಅಂಕಿ ನೋಡಿ ಪಡುತ್ತಿದ್ದರು.

ನನ್ನ ಬೇಲಿಗೆ ಕೈ ಹಾಕಿದ್ದು ಚನ್ನರಾಯಪಟ್ಟಣದ ಒಂದು ಬ್ಯಾಂಕಿನ ಮ್ಯಾನೇಜರು. ಮನೆ ಸಾಲ ಕೇಳಲು ಹೋಗಿದ್ದೆ. ಕಾರ್ಡ್ ಕೊಟ್ಟೆ, ನೋಟು ಎಣಿಸಲು ಬೆರಳು ಒದ್ದೆ ಮಾಡಿಕೊಳ್ಳುವ ಸ್ಪಂಜಿನ ಡಬ್ಬಿ ಪಕ್ಕ ಇಟ್ಟುಕೊಂಡರು. ಸಂಬಳದ ಚೀಟಿ ತೆಗೆದುಕೊಂಡು ಪೆನ್ನನ್ನು ಹುದ್ದೆಯ ಸಾಲಿನ ಮೇಲೆ ನಿಲ್ಲಿಸದೆ ಸೀದಾ ಕೆಳಗಿಳಿಸಿದರು. ಪಿಎಫ್ ಸಾಲಿನಲ್ಲಿ ನಿಂತಿತು: 1,800. ಮೂರು ವರ್ಷದ ಚೀಟಿ ಕೇಳಿದರು. ಸೀನಿಯರ್ ಎಕ್ಸಿಕ್ಯೂಟಿವ್ ಆಗಿದ್ದಾಗಲೂ 1,800, ಏರಿಯಾ ಮ್ಯಾನೇಜರ್ ಆದ ಮೇಲೂ 1,800. “ಬೇಸಿಕ್ 15,000 ದಾಟಿಲ್ಲ ಅಲ್ವಾ ಸಾರ್” ಅಂದರು, ಬಹಳ ಮೆತ್ತಗೆ.

ಆ ಸಾಲನ್ನು ನಾನು ಅದುವರೆಗೆ ಓದಿರಲೇ ಇಲ್ಲ. ನೌಕರನ ಪಾಲು ಬೇಸಿಕ್ಕಿನ ಶೇ 12, ಮಾಲೀಕನದೂ ಅಷ್ಟೇ. ಆಗಿನ ಕಾನೂನಿನ ಮಿತಿ 15,000ಕ್ಕೇ ಬೇಸಿಕ್ಕನ್ನು ಕಟ್ಟಿಹಾಕಿ, ಮಿಕ್ಕಿದ್ದನ್ನು ಭತ್ಯೆ ಭತ್ಯೆ ಅಂತ ಹಂಚಿದರೆ ಪಿಎಫ್ ಅಲ್ಲೇ ನಿಲ್ಲುತ್ತಿತ್ತು. ಗ್ರಾಚ್ಯುಟಿಯೂ ಆಗ ಕೊನೆಯ ಬೇಸಿಕ್ಕಿನ ಮೇಲೆಯೇ: ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನ ಅಂತ ಭಾಗಿಸಿ. ಬೇಸಿಕ್ 15,000ದಲ್ಲಿ ಹತ್ತು ವರ್ಷ ದುಡಿದವನಿಗೆ ಸಿಗುತ್ತಿದ್ದದ್ದು ಸುಮಾರು 86,500. ಬೇಸಿಕ್ 30,000 ಇದ್ದವನಿಗೆ ಅದರ ಎರಡರಷ್ಟು. ಕಾರ್ಡಿನ ಮೇಲೆ ಏನಿತ್ತು ಅಂತ ಆ ಸೂತ್ರ ಕೇಳುವುದಿಲ್ಲ.

2021ರಲ್ಲಿ ಬಿಟ್ಟೆ. ಈಗ ಹಾಸನದಲ್ಲಿ ಗೊಬ್ಬರದ ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ನೋಡಿಕೊಳ್ಳುತ್ತೇನೆ. ಹುದ್ದೆಗೆ ಹೆಸರಿಲ್ಲ, ರೈತರು ‘ಲೆಕ್ಕದ ಸಾರ್’ ಅನ್ನುತ್ತಾರೆ. ಕೈಗೆ 31,000 ಬರುತ್ತದೆ. ದೊಡ್ಡಪ್ಪನಿಗೆ ನಾನಾಗೇ ಹೇಳಿದೆ. “ಪರವಾಗಿಲ್ವಲ್ಲ” ಅಂದರು.

ಇಷ್ಟೆಲ್ಲ ಗೊತ್ತಾದ ಮೇಲೆ ಚನ್ನರಾಯಪಟ್ಟಣದ ಅಕ್ಕನ ಮಗನಿಗೆ ಬುದ್ಧಿ ಹೇಳುವ ಹಕ್ಕು ನನಗೆ ಬಂದಿದೆ ಅಂದುಕೊಂಡಿದ್ದೆ. ಹೋದ ತಿಂಗಳು ಅವನಿಗೆ ಬೆಂಗಳೂರಿನಲ್ಲಿ ಎರಡು ಕೆಲಸ ಸಿಕ್ಕವು. ಒಂದು ‘ಟೀಮ್ ಲೀಡ್’. ಇನ್ನೊಂದು ಬರೀ ‘ಅಸೋಸಿಯೇಟ್’, ಆದರೆ ಕೈಗೆ 3,500 ಜಾಸ್ತಿ, ಬೇಸಿಕ್ಕೂ ಜಾಸ್ತಿ. ಎರಡೂ ಆಫರ್ ಲೆಟರ್ ಮುಂದಿಟ್ಟುಕೊಂಡು ಒಂದು ಸಂಜೆ ಪೂರ್ತಿ ಫೋನಿನಲ್ಲಿ ಸಾಲು ಸಾಲು ಓದಿಸಿದೆ. ಎಲ್ಲದಕ್ಕೂ ಹ್ಞೂಂಗುಟ್ಟಿದ. ಮರುದಿನ ಟೀಮ್ ಲೀಡ್‌ಗೆ ಸಹಿ ಹಾಕಿದ.

“ಅಲ್ವೋ, ವರ್ಷಕ್ಕೆ 42,000 ಬಿಟ್ಟುಕೊಟ್ಟೆ” ಅಂದೆ.

“ಹೆಣ್ಣಿನ ಕಡೆಯವರಿಗೆ ಬಯೋಡೇಟಾ ಕಳಿಸಿದೀವಿ ಮಾವ. ಅಸೋಸಿಯೇಟ್ ಅಂದ್ರೆ ಅವರಿಗೆ ಅರ್ಥ ಆಗಲ್ಲ” ಅಂದ. ಆಮೇಲೆ ನಗುತ್ತಾ, “ಛತ್ರದ ಬಾಡಿಗೆಗೆ ಹೋಯ್ತು ಅನ್ಕೊಳ್ಳಿ” ಅಂದ.