ಅಳೆದವರ ಗುಹೆ

ಚಿ. ಅಕ್ಷತಾಗೆ,

  

ನಿನ್ನ ಪತ್ರವನ್ನು ಎರಡೆರಡು ಸಲ ಓದಿದೆ. ಕೆಂಟಕಿಯ ಮ್ಯಾಮತ್ ಗುಹೆಯೊಳಗೆ ಸರ್ವೆ ತಂಡದ ಜೊತೆ ಇಳಿದೆಯಂತೆ. ಇಡೀ ದಿನ ಕೆಸರಿನಲ್ಲಿ ತೆವಳಿ, ಉಳಿದವರು ಕೂಗಿ ಹೇಳಿದ ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಹೊರಗೆ ಬಂದಾಗ, ಲೆಕ್ಕಕ್ಕೆ ಸಿಕ್ಕ ಹೊಸ ದಾರಿ ನಮ್ಮ ಓಣಿಯ ಉದ್ದದಷ್ಟೂ ಇರಲಿಲ್ಲವಂತೆ. "ಇದಕ್ಕೇನಾ ಮುತ್ಯಾ ನಾನು ಇಷ್ಟು ದೂರ ಬಂದದ್ದು?" ಎಂದು ಕೇಳಿದ್ದೀ.

ಹೌದು ತಾಯಿ, ಇದಕ್ಕೇ. ಜಗತ್ತಿನಲ್ಲಿ ಇದುವರೆಗೆ ಅಳೆದ ಗುಹೆಗಳಲ್ಲೆಲ್ಲ ಅತಿ ಉದ್ದದ್ದು ಅದು. 426 ಮೈಲಿ, ಅಂದರೆ ಸುಮಾರು 686 ಕಿಲೋಮೀಟರ್. ಕಲಬುರಗಿಯಿಂದ ಬೆಂಗಳೂರಿಗೆ ಹೋಗುವ ರಸ್ತೆಗಿಂತಲೂ ಹೆಚ್ಚು. ಅದರಲ್ಲಿ ಒಂದು ಅಡಿಯೂ ಯಾರೋ ದೂರದಿಂದ ನೋಡಿ ಅಂದಾಜಿನಲ್ಲಿ ಹೇಳಿದ್ದಲ್ಲ. ನಿನ್ನಂಥವರು ಹೊಟ್ಟೆಯ ಮೇಲೆ ತೆವಳಿ, ಟೇಪು ಹಿಡಿದು, ದಿಕ್ಸೂಚಿ ನೋಡಿ ಬರೆದಿಟ್ಟದ್ದು. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದಾಗ ಈ ಗುಹೆಯ ಕಥೆಯನ್ನು ಪ್ರತಿ ವರ್ಷದ ಮಕ್ಕಳಿಗೂ ಹೇಳುತ್ತಿದ್ದೆ. ಈಗ ನಿನಗೆ ಹೇಳುತ್ತೇನೆ.

ಮೊದಲು ಕಲ್ಲಿನ ಮಾತು. ನಮ್ಮ ಅಡುಗೆಮನೆಯ ಶಹಾಬಾದಿ ಫರಸಿಯ ಮೇಲೆ ಹೆಚ್ಚಿದ ಲಿಂಬೆಹಣ್ಣು ಇಟ್ಟು ಮರೆತರೆ ಅಲ್ಲಿ ಮಸುಕು ಕಲೆ ಬೀಳುತ್ತದೆ. ಎಷ್ಟು ಒರೆಸಿದರೂ ಹೋಗುವುದಿಲ್ಲ. ಬೆರಳಾಡಿಸಿದರೆ ಅಷ್ಟು ಜಾಗದಲ್ಲಿ ನುಣುಪು ಹೋಗಿ ತರಿತರಿಯಾಗಿರುತ್ತದೆ. ಅದು ಕೊಳೆಯಲ್ಲ, ಹುಳಿ ಕಲ್ಲನ್ನು ತಿಂದ ಗುರುತು. ನಮ್ಮ ಫರಸಿ ಸುಣ್ಣಕಲ್ಲು. ನೀನು ತೆವಳಿದ ಕಲ್ಲೂ ಸುಣ್ಣಕಲ್ಲೇ. ವಯಸ್ಸಿನಲ್ಲಿ ನಮ್ಮದು ಬಹಳ ಹಿರಿಯದು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಬಲು ಸೌಮ್ಯವಾದ ಕಾರ್ಬಾನಿಕ್ ಆಮ್ಲವಾಗುತ್ತದೆ. ಲಿಂಬೆರಸ ಒಂದು ರಾತ್ರಿಯಲ್ಲಿ ಮಾಡುವುದನ್ನು ಅದು ಲಕ್ಷಾಂತರ ವರ್ಷ ಬಿಡದೆ ಮಾಡುತ್ತದೆ. ಬಿರುಕು ಕೊಳವೆಯಾಗುತ್ತದೆ, ಕೊಳವೆ ನೆಲದೊಳಗಿನ ಹೊಳೆಯಾಗುತ್ತದೆ.

ಸುಮಾರು 33 ಕೋಟಿ ವರ್ಷಗಳ ಹಿಂದೆ ಇಂದಿನ ಕೆಂಟಕಿ ಭೂಮಧ್ಯರೇಖೆಯ ಹತ್ತಿರ, ಬೆಚ್ಚಗಿನ ಆಳವಿಲ್ಲದ ಸಮುದ್ರದ ತಳದಲ್ಲಿತ್ತು. ಕಡಲಜೀವಿಗಳ ಚಿಪ್ಪುಗಳು ಪದರದ ಮೇಲೆ ಪದರ ಕೂತು ನೂರಾರು ಅಡಿ ದಪ್ಪದ ಸುಣ್ಣಕಲ್ಲಾಯಿತು. ಆ ಕಡಲಿನ ಶಾರ್ಕ್‌ಗಳ ಹಲ್ಲುಗಳು ಇಂದಿಗೂ ಗುಹೆಯ ಗೋಡೆಗಳಲ್ಲಿ ಕಾಣುತ್ತವೆ. ಶಾರ್ಕ್ ಮತ್ತು ಅದರ ಬಳಗದ 40ಕ್ಕೂ ಹೆಚ್ಚು ಜಾತಿಗಳನ್ನು ತಜ್ಞರು ಅಲ್ಲಿ ಗುರುತಿಸಿದ್ದಾರೆ. ಆಮೇಲೆ ನದಿಗಳು ತಂದ ಮರಳು ಮೇಲೆ ಹರಡಿ ಮರಳುಗಲ್ಲಾಯಿತು. ಈ ಗುಹೆ ಇಷ್ಟು ಉದ್ದ ಉಳಿದದ್ದಕ್ಕೆ ಕಾರಣ ಈ ಮರಳುಗಲ್ಲು. ಅದು ನೀರಿಗೆ ಸುಲಭವಾಗಿ ಕರಗುವುದಿಲ್ಲ. ಗುಡ್ಡಗಳ ನೆತ್ತಿಯ ಮೇಲೆ ಸೂರಾಗಿ ಕೂತು ಕೆಳಗಿನ ಸುಣ್ಣಕಲ್ಲನ್ನು ಮಳೆಯಿಂದ ಕಾಪಾಡಿತು. ಹಾಗಾಗಿಯೇ ಒಳಗಿನ ಹಳೆಯ ದಾರಿಗಳು ಒಣಗಿ, ಕುಸಿಯದೆ ಉಳಿದಿವೆ. ತೂಗುವ ಸುಣ್ಣದ ಜಡೆಗಳೂ ಅಲ್ಲಿ ವಿರಳ. ಮೇಲಿನ ಮರಳುಗಲ್ಲು ಸವೆದುಹೋದ ಅಂಚಿನಲ್ಲಿ ಮಾತ್ರ 'ಫ್ರೋಜನ್ ನಯಾಗರಾ'ದಂಥ ಸುಣ್ಣದ ಇಳಿಜಾರುಗಳು ಬೆಳೆದಿವೆ.

ಈ ಗುಹೆ ಮೇಲಿನಿಂದ ಕೆಳಕ್ಕೆ ಬೆಳೆದದ್ದು. ಗ್ರೀನ್ ನದಿ ತನ್ನ ಕಣಿವೆಯನ್ನು ಕೊರೆದು ಕೆಳಗಿಳಿದಂತೆ ನೆಲದೊಳಗಿನ ನೀರೂ ಅದನ್ನು ಹಿಂಬಾಲಿಸಿತು. ಮೇಲಿನ ದಾರಿಯನ್ನು ಬಿಟ್ಟು ಕೆಳಗೆ ಹೊಸದನ್ನು ಕೊರೆಯಿತು. ಹೀಗೆ ಅಂತಸ್ತಿನ ಮೇಲೆ ಅಂತಸ್ತು. ಅವುಗಳ ವಯಸ್ಸನ್ನು ಕಂಡುಕೊಂಡ ಬಗೆ ನಿನಗೆ ಇಷ್ಟವಾಗಬೇಕು. ಬೆಣಚುಕಲ್ಲಿನ ಹರಳು ಬಯಲಿನಲ್ಲಿದ್ದಾಗ ಬಾಹ್ಯಾಕಾಶದ ಕಿರಣಗಳು ತಾಕಿ ಅದರಲ್ಲಿ ಅಲ್ಯೂಮಿನಿಯಂ-26 ಮತ್ತು ಬೆರಿಲಿಯಂ-10 ಹುಟ್ಟುತ್ತವೆ. ನೀರು ಆ ಹರಳನ್ನು ಗುಹೆಯೊಳಗೆ ತಂದು ಹೂತ ಮೇಲೆ ಹೊಸದು ಹುಟ್ಟುವುದು ನಿಲ್ಲುತ್ತದೆ. ಇದ್ದದ್ದು ಬೇರೆ ಬೇರೆ ವೇಗದಲ್ಲಿ ಕ್ಷಯಿಸುತ್ತದೆ. ಉಳಿದ ಪ್ರಮಾಣವನ್ನು ಅಳೆದರೆ ಹೂತ ಕಾಲ ತಿಳಿಯುತ್ತದೆ. ಡ್ಯಾರಿಲ್ ಗ್ರೇಂಜರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಮೇಲಿನ ದಾರಿಗಳಲ್ಲಿ ಕೂತ ಹರಳುಗಳು 30 ಲಕ್ಷ ವರ್ಷಕ್ಕೂ ಹಿಂದಿನವು. ಹಿಡಿಯಷ್ಟು ಹರಳನ್ನು ತಾಳ್ಮೆಯಿಂದ ಅಳೆದದ್ದರಿಂದ ಒಂದು ನದಿಯ ಚರಿತ್ರೆಯೇ ಹೊರಬಿತ್ತು.

ಇನ್ನು ಮನುಷ್ಯರ ಕಥೆ. ನಾಲ್ಕು-ಐದು ಸಾವಿರ ವರ್ಷಗಳ ಹಿಂದೆಯೇ ಅಲ್ಲಿನ ಮೂಲನಿವಾಸಿಗಳು ಜೊಂಡಿನ ಕಡ್ಡಿಗಳ ಪಂಜು ಹಿಡಿದು ಮೈಲಿಗಟ್ಟಲೆ ಒಳಗೆ ಹೋಗಿದ್ದರು. ಗೋಡೆಯ ಜಿಪ್ಸಮ್ ಹೆರೆದು ತರುತ್ತಿದ್ದರು. ಅವರ ಸುಟ್ಟ ಪಂಜಿನ ತುಂಡುಗಳು, ಹೆಣೆದ ಪಾದರಕ್ಷೆಗಳು ಆ ಒಣ ಹವೆಯಲ್ಲಿ ಕೆಡದೆ ಉಳಿದವು. ಬಹಳ ಕಾಲದ ನಂತರ, 1812ರ ಯುದ್ಧದ ದಿನಗಳಲ್ಲಿ ಬಂದೂಕಿನ ಮದ್ದಿಗೆ ಬೇಕಾದ ಪೆಟ್ಲುಪ್ಪನ್ನು ಗುಹೆಯ ಮಣ್ಣಿನಿಂದ ತೆಗೆದರು. ಮಣ್ಣು ಹೊತ್ತವರು ಗುಲಾಮಗಿರಿಯಲ್ಲಿದ್ದ ಕಪ್ಪು ಜನ. ಅವರು ದುಡಿದ ಮರದ ತೊಟ್ಟಿಗಳು, ದಿಮ್ಮಿ ಕೊರೆದು ಮಾಡಿದ ನೀರಿನ ಕೊಳವೆಗಳು ಇನ್ನೂ ಇವೆ. ಅವರ ಹೆಸರುಗಳನ್ನು ಬರೆದಿಡುವ ಗೋಜಿಗೆ ಯಾರೂ ಹೋಗಲಿಲ್ಲ.

ಆದರೆ ಒಬ್ಬನ ಹೆಸರು ಉಳಿಯಿತು. ಸ್ಟೀಫನ್ ಬಿಷಪ್. 1838ರಲ್ಲಿ ಫ್ರ್ಯಾಂಕ್ಲಿನ್ ಗೋರಿನ್ ಎಂಬ ವಕೀಲ ಗುಹೆಯನ್ನು ಕೊಂಡು, ತನ್ನ ಗುಲಾಮನಾಗಿದ್ದ ಈ ಹದಿನೇಳರ ಆಸುಪಾಸಿನ ಹುಡುಗನನ್ನು ಬಂದವರಿಗೆ ದಾರಿ ತೋರಿಸಲು ನೇಮಿಸಿದ. 'ತಳವಿಲ್ಲದ ಗುಂಡಿ' ಎನ್ನಿಸಿಕೊಂಡಿದ್ದ ನೂರು ಅಡಿ ಮೀರಿದ ಆಳದ ಕಮರಿಯ ಆಚೆ ಅಲ್ಲಿಯವರೆಗೆ ಯಾರೂ ಹೋಗಿರಲಿಲ್ಲ. ಬಿಷಪ್ ಅದನ್ನು ದಾಟಿದ. ಆಚೆ ಮೈಲಿಗಟ್ಟಲೆ ದಾರಿ, ನೆಲದೊಳಗಿನ ಹೊಳೆಗಳು, ಆ ಹೊಳೆಗಳಲ್ಲಿ ಕಣ್ಣಿಲ್ಲದ ಬಿಳಿ ಮೀನುಗಳು. ಮುಂದೆ ಡಾ. ಜಾನ್ ಕ್ರೋಗನ್ ಗುಹೆಯನ್ನೂ ಬಿಷಪ್‌ನನ್ನೂ ಕೊಂಡ. ಕ್ರೋಗನ್‌ನ ಮನೆಯಲ್ಲಿ ಕೂತು, ಗುಹೆಯ ನಕ್ಷೆಯನ್ನು ನೆನಪಿನಿಂದಲೇ ಬಿಷಪ್ ಬರೆದುಕೊಟ್ಟ. ಅದು 1842ರ ಮಾತು. ಮುಂದೆ ಗುಹೆಯ ಕುರಿತ ಪುಸ್ತಕವೊಂದರ ಜೊತೆ ಆ ನಕ್ಷೆ ಅಚ್ಚಾದಾಗ ಅದರ ಮೇಲೆ ಅವನ ಹೆಸರೇ ಇತ್ತು. ಮಾರುವ ಕೊಳ್ಳುವ ಆಸ್ತಿಯಾಗಿ ಲೆಕ್ಕದಲ್ಲಿದ್ದ ಮನುಷ್ಯ ಒಂದು ನಕ್ಷೆಯ ಕರ್ತೃವಾದ! ಬಿಡುಗಡೆ ಸಿಕ್ಕಿದ್ದು 1856ರಲ್ಲಿ, ಮರುವರ್ಷವೇ ತೀರಿಕೊಂಡ. ಎಷ್ಟೋ ವರ್ಷಗಳ ನಂತರ ನೆಟ್ಟ ಗೋರಿಕಲ್ಲಿನ ಮೇಲೆ 1859 ಎಂದು ಕೆತ್ತಿದ್ದಾರೆ. ಅಕ್ಷತಾ, ಆ ಗೋರಿ ಗುಹೆಯ ಹತ್ತಿರವೇ ಇದೆ. ಮುಂದಿನ ಸಲ ಹೋದಾಗ ನನ್ನ ಪರವಾಗಿ ಅಲ್ಲಿ ಕೈಮುಗಿದು ಬಾ.

ಅದೇ ಕ್ರೋಗನ್ 1842ರಲ್ಲಿ ಗುಹೆಯ ಗಾಳಿ ಕ್ಷಯರೋಗಕ್ಕೆ ಮದ್ದೆಂದು ನಂಬಿ ರೋಗಿಗಳನ್ನು ಒಳಗಿನ ಗುಡಿಸಲುಗಳಲ್ಲಿ ಇರಿಸಿದ. ಹೊಗೆ, ಕತ್ತಲೆ, ತಂಪು ಅವರನ್ನು ಇನ್ನಷ್ಟು ಬಳಲಿಸಿದವು. ಕೆಲವರು ಅಲ್ಲೇ ಸತ್ತರು. 1849ರಲ್ಲಿ ಕ್ರೋಗನ್ ಕೂಡ ಕ್ಷಯದಿಂದಲೇ ಹೋದ. ಬಿಷಪ್‌ನ ಜೊತೆಗಾರರಾಗಿದ್ದ ಮ್ಯಾಟ್ ಮತ್ತು ನಿಕ್ ಬ್ರಾನ್ಸ್‌ಫರ್ಡ್ ಅವರೂ ಗುಲಾಮರೇ. ಬ್ರಾನ್ಸ್‌ಫರ್ಡ್ ಮನೆತನದವರು ತಲೆಮಾರುಗಳ ಕಾಲ ಗುಹೆಯ ಮಾರ್ಗದರ್ಶಕರಾಗಿದ್ದರು. 1941ರಲ್ಲಿ ರಾಷ್ಟ್ರೀಯ ಉದ್ಯಾನವಾದ ಹೊತ್ತಿಗೆ ಅವರಿಗೆ ಅಲ್ಲಿ ಕೆಲಸವಿಲ್ಲದಂತಾಯಿತು. 2004ರಲ್ಲಿ ಅದೇ ಮನೆತನದ ಜೆರ್ರಿ ಬ್ರಾನ್ಸ್‌ಫರ್ಡ್ ಮತ್ತೆ ಮಾರ್ಗದರ್ಶಕರಾಗಿ ಒಳಗೆ ಕಾಲಿಟ್ಟರು.

ಈಗ ಮನಸ್ಸಿಟ್ಟು ಕೇಳು. ಫ್ಲಾಯ್ಡ್ ಕಾಲಿನ್ಸ್ ಅಲ್ಲಿನ ಗಟ್ಟಿಗ ಶೋಧಕ. 1917ರಲ್ಲಿ ಕ್ರಿಸ್ಟಲ್ ಗುಹೆಯನ್ನು ಕಂಡುಹಿಡಿದವನು. 1925ರ ಜನವರಿ 30ರಂದು ಸ್ಯಾಂಡ್ ಕೇವ್ ಎಂಬಲ್ಲಿ ಒಬ್ಬನೇ ಇಳಿದ. ಇಕ್ಕಟ್ಟಿನಲ್ಲಿ ಕಾಲಿನ ಮೇಲೆ ಕಲ್ಲು ಬಿತ್ತು. ತೂಕ ಸುಮಾರು 12 ಕಿಲೋ, ಅಷ್ಟೇ. ಇಡೀ ದೇಶ ಸುದ್ದಿಗಾಗಿ ಕಾದಿತ್ತು. ವಿಲಿಯಂ ಮಿಲ್ಲರ್ ಎಂಬ ಸಣ್ಣ ಮೈಕಟ್ಟಿನ ಪತ್ರಕರ್ತ ಮತ್ತೆ ಮತ್ತೆ ತೆವಳಿ ಹೋಗಿ ಅವನಿಗೆ ಉಣಿಸಿದ, ಮಾತಾಡಿಸಿದ. ಎರಡು ವಾರ ಕಳೆದು ರಕ್ಷಕರು ತಲುಪುವಷ್ಟರಲ್ಲಿ ಕಾಲಿನ್ಸ್ ಸತ್ತಿದ್ದ. ಹಾಗಾಗಿ ನನ್ನಾಣೆ, ಎಂದೂ ಒಬ್ಬಳೇ ಇಳಿಯಬೇಡ. ಮೂರು ದೀಪ ಇಲ್ಲದೆ ಇಳಿಯಬೇಡ. ಎಷ್ಟು ಹೊತ್ತಿಗೆ ಬರುತ್ತೀ ಎಂದು ಮೇಲಿನವರಿಗೆ ಹೇಳದೆ ಇಳಿಯಬೇಡ. ಧೈರ್ಯಕ್ಕೂ ಇದಕ್ಕೂ ವಿರೋಧವಿಲ್ಲ.

ನಿನ್ನ ಪ್ರಶ್ನೆಗೆ ನೇರ ಉತ್ತರ ಸಿಗುವುದು 1972ರಲ್ಲಿ. ಕಾಲಿನ್ಸ್‌ನ ಕ್ರಿಸ್ಟಲ್ ಗುಹೆಯೂ ಸೇರಿದ್ದ ಫ್ಲಿಂಟ್ ರಿಜ್ ಗುಹೆಗಳು ಒಂದು ಕಡೆ, ಮ್ಯಾಮತ್ ಇನ್ನೊಂದು ಕಡೆ, ನಡುವೆ ಒಂದು ಕಣಿವೆ. ಎರಡೂ ಒಂದೇ ಇರಬಹುದೆಂಬ ಗುಮಾನಿ ಬಹಳ ಹಳೆಯದು. ಕೇವ್ ರಿಸರ್ಚ್ ಫೌಂಡೇಶನ್ನಿನ ಸ್ವಯಂಸೇವಕರು ವರ್ಷಗಟ್ಟಲೆ ಫ್ಲಿಂಟ್ ರಿಜ್‌ನ ದಾರಿಗಳನ್ನು ಅಳೆಯುತ್ತ ಬಂದರು. ಎಲ್ಲರೂ ಹಿಂತಿರುಗಿದ್ದ ಒಂದು ಸಂದಿಯಲ್ಲಿ ತೆಳ್ಳನೆಯ ಪ್ಯಾಟ್ರಿಷಿಯಾ ಕ್ರೌದರ್ ನುಸುಳಿ ಆಚೆ ಹೋದರು. ಮುಂದಿನ ದಾರಿಯಲ್ಲಿ, ಗೋಡೆಯ ಮೇಲೆ 'ಪೀಟ್ ಎಚ್' ಎಂಬ ಹೆಸರು, ಪಕ್ಕದಲ್ಲಿ ಒಂದು ಬಾಣದ ಗುರುತು! 1930ರ ದಶಕದಲ್ಲಿ ಮ್ಯಾಮತ್ ಕಡೆಯಿಂದ ಬಂದಿದ್ದ ಪೀಟ್ ಹ್ಯಾನ್ಸನ್ ಗೀಚಿಟ್ಟದ್ದು. ಸೆಪ್ಟೆಂಬರ್ 9ರಂದು ಜಾನ್ ವಿಲ್ಕಾಕ್ಸ್ ಮುಂದಾಳಾಗಿ ಆರು ಜನ ಅದೇ ದಾರಿ ಹಿಡಿದು ತಣ್ಣನೆಯ ನೀರಿನಲ್ಲಿ ನಡೆದರು. ಸೂರು ತಗ್ಗಿ ತಗ್ಗಿ ಬಂದು, ಆಮೇಲೆ ಒಮ್ಮೆಲೇ ವಿಶಾಲವಾಯಿತು. ವಿಲ್ಕಾಕ್ಸ್ ದೀಪವೆತ್ತಿ ನೋಡಿದರೆ ಕತ್ತಲಲ್ಲಿ ಅಡ್ಡಲಾಗಿ ಒಂದು ನೇರ ಗೆರೆ. ಅದು ಕಬ್ಬಿಣದ ಆಸರೆ ಕಂಬಿ, ಮ್ಯಾಮತ್ ಗುಹೆಯ ಪ್ರವಾಸಿಗರಿಗೆ ಹಾಕಿದ್ದು. ಅಂದು ಎರಡು ಗುಹೆ ಒಂದಾಗಿ 144.4 ಮೈಲಿಯಾಯಿತು. 1983ರಲ್ಲಿ ರೋಪೆಲ್ ಗುಹೆಯೂ ಸೇರಿತು.

ಗಮನಿಸು, ಆ ಕಂಬಿಯ ಹತ್ತಿರ ತಲುಪಿದ್ದು ಆರು ಜನ. ಅವರನ್ನು ಅಲ್ಲಿಗೆ ಮುಟ್ಟಿಸಿದ್ದು ನೂರಾರು ಜನರ ನೋಟ್‌ಬುಕ್ಕುಗಳು. "ಇಲ್ಲಿ ದಾರಿ ಮುಗಿಯಿತು" ಎಂದು ಬರೆದವನೂ ಅದರಲ್ಲಿ ಪಾಲುದಾರ. ಯಾಕೆಂದರೆ ಮುಂದಿನವರು ಅಲ್ಲಿ ಹೊತ್ತು ಕಳೆಯಲಿಲ್ಲ.

ಈ ನಕ್ಷೆ ಬರಿಯ ದಾಖಲೆಗಾಗಿ ಅಲ್ಲ. ಸುಣ್ಣಕಲ್ಲಿನ ನಾಡಿನಲ್ಲಿ ಮೇಲೆ ಚೆಲ್ಲಿದ್ದು ಸೋಸದೆ ಕೆಳಗಿಳಿಯುತ್ತದೆ. ಹತ್ತಿರದ ಹಾರ್ಸ್ ಕೇವ್ ಊರಿನ ಕೆಳಗಿನ ಹಿಡನ್ ರಿವರ್ ಗುಹೆಯನ್ನು ಕೊಳಚೆಯ ನಾತದಿಂದ 1943ರಲ್ಲಿ ಮುಚ್ಚಬೇಕಾಯಿತು. ಹೊಸ ಶುದ್ಧೀಕರಣ ಘಟಕ ಬಂದ ಮೇಲೆ ನೀರು ತಿಳಿಯಾಯಿತು, ಗುಹೆಯ ಜೀವಿಗಳು ಮರಳಿದವು. ಯಾವ ಹೊಲದ ನೀರು ಯಾವ ದಾರಿಯಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿದರೆ ಮಾತ್ರ ಆ ಕಣ್ಣಿಲ್ಲದ ಮೀನನ್ನೂ, ಆ ನೀರು ಕುಡಿಯುವ ಜನರನ್ನೂ ಕಾಪಾಡಲು ಸಾಧ್ಯ. ನೀನು ಬರೆದ ಅಂಕಿಗಳ ಉಪಯೋಗ ಅಲ್ಲಿದೆ.

ಕೊನೆಗೆ ಎರಡು ಮಾತು. ಓದು ಮುಗಿದ ಮೇಲೆ ಮೇಘಾಲಯದ ಕಡೆಗೂ ನೋಡು. ಅಲ್ಲಿನ ಕ್ರೆಮ್ ಲಿಯಟ್ ಪ್ರಾಹ್ ಗುಹೆ 30 ಕಿಲೋಮೀಟರ್ ದಾಟಿದೆ; ಮರಳುಗಲ್ಲಿನ ಕ್ರೆಮ್ ಪುರಿ 24 ಕಿಲೋಮೀಟರಿಗೂ ಹೆಚ್ಚಿದೆ. ಅಲ್ಲಿ ಅಳೆಯುವ ಕೈಗಳು ಇನ್ನೂ ಬೇಕು, ಸುಣ್ಣಕಲ್ಲಿನ ಗಣಿಗಳ ನಡುವೆ ಬೇಗನೆ ಬೇಕು. ಇನ್ನೊಂದು, ನಿನ್ನ ಪುಸ್ತಕದ ಪ್ರತಿ ಪುಟದಲ್ಲಿ ಅಂಕಿಗಳನ್ನು ಬಿಡಿಸಿ ಬರೆ, ತಾರೀಖು ಹಾಕು, ಟೇಪಿನ ತುದಿ ಹಿಡಿದವರ ಹೆಸರನ್ನೂ ತಪ್ಪದೆ ಬರೆ. ಪೆಟ್ಲುಪ್ಪಿನ ಮಣ್ಣು ಹೊತ್ತವರಿಗೆ ಸಿಗದ ನ್ಯಾಯ, ನಿನ್ನ ಜೊತೆ ಕೆಸರಿನಲ್ಲಿ ತೆವಳಿದವರಿಗಾದರೂ ಸಿಗಲಿ.

ಇಂತಿ ನಿನ್ನ ಪ್ರೀತಿಯ,
ಮುತ್ಯಾ