ನಿನೆವೆಯ ದಿಬ್ಬಗಳು ಹೇಳುವ ಸಾಕ್ಷಿ

ಓದತಕ್ಕ ವೇದಭಾಗಗಳು: 2 ಅರಸುಗಳು 18:13–16 ಮತ್ತು 19:35–37, ಯೆಶಾಯ 20:1, ನಹೂಮ 3ನೆಯ ಅಧ್ಯಾಯ.

ಹಳೇ ಒಡಂಬಡಿಕೆಯಲ್ಲಿ ಅಶ್ಶೂರದ ಅರಸರ ಹೆಸರು ಬಂದಾಗಲೆಲ್ಲಾ ಅದರ ಸಂಗಡ ಭಯವೂ ಬರುತ್ತದೆ. ಸಮಾರ್ಯವನ್ನು ಹಿಡಿದು ಇಸ್ರಾಯೇಲ್ಯರನ್ನು ಸೆರೆಯಾಗಿ ಒಯ್ದವರೂ, ಯೆರೂಸಲೇಮಿನ ಗೋಡೆಯ ಬಳಿಯಲ್ಲಿ ನಿಂತು ಹಿಜ್ಕೀಯನನ್ನು ಹೀಯಾಳಿಸಿದವರೂ ಇವರೇ. ಆದರೆ ಇನ್ನೂರು ವರ್ಷಗಳ ಹಿಂದೆ ಈ ಅರಸರ ಶಿಲಾಲೇಖನಗಳಲ್ಲಿ ಒಂದು ಸಾಲನ್ನಾದರೂ ಓದಬಲ್ಲವರು ಲೋಕದಲ್ಲಿ ಯಾರೂ ಇರಲಿಲ್ಲ. ಈಗಲಾದರೋ ಅವರ ಮಾತನ್ನು ಅವರು ಕೆತ್ತಿಸಿದ ಅಕ್ಷರಗಳಲ್ಲಿಯೇ ಓದಬಹುದಾಗಿದೆ. ಇದು ಹೇಗಾಯಿತೆಂಬದನ್ನೂ, ಈ ಕಲ್ಲುಗಳ ಸಾಕ್ಷಿಯನ್ನು ನಾವು ಎಷ್ಟರ ಮಟ್ಟಿಗೆ ಹಿಡಿಯಬೇಕೆಂಬದನ್ನೂ ಈ ಪಾಠದಲ್ಲಿ ವಿಚಾರಿಸೋಣ.

1. ಮರೆತುಹೋದ ಪಟ್ಟಣ

ನಿನೆವೆಯು ಟೈಗ್ರಿಸ್ ನದಿಯ ಮೂಡಣ ದಡದಲ್ಲಿ, ಈಗಿನ ಇರಾಕ್ ದೇಶದ ಹಳೇ ಮೋಸುಲ್ ಪಟ್ಟಣಕ್ಕೆ ಎದುರಾಗಿತ್ತು. ಕ್ರಿ. ಪೂ. 612ರಲ್ಲಿ ಬಾಬೆಲಿನವರೂ ಮೇದ್ಯರೂ ಕೂಡಿ ಅದನ್ನು ಹಿಡಿದು ಸುಟ್ಟರು. ಸುಮಾರು ಇನ್ನೂರು ವರ್ಷಗಳಾದ ಮೇಲೆ, ಕ್ರಿ. ಪೂ. 401ರಲ್ಲಿ, ಕ್ಸೆನೊಫೋನನೆಂಬ ಗ್ರೀಕನು ದಂಡಿನೊಡನೆ ಆ ದಾರಿಯಾಗಿ ಹಾದುಹೋದನು. ಅವನು ಆ ಪಾಳುಗೋಡೆಗಳ ಎತ್ತರವನ್ನು ಬರೆದಿಟ್ಟನಾದರೂ ಅದು ನಿನೆವೆ ಎಂಬದನ್ನು ಅರಿಯಲಿಲ್ಲ.

ಅಶ್ಶೂರ್ಯರು ಹೆಚ್ಚಾಗಿ ಹಸಿ ಇಟ್ಟಿಗೆಯಿಂದ ಕಟ್ಟಿ, ಅರಮನೆಯ ಗೋಡೆಗಳ ಕೆಳಭಾಗಕ್ಕೆ ಮಾತ್ರ ಚಿತ್ರ ಕೆತ್ತಿದ ಕಲ್ಲುಚಪ್ಪಡಿಗಳನ್ನು ಹೊದಿಸುತ್ತಿದ್ದರು. ಸೂರು ಹೋದ ಮಣ್ಣಿನ ಗೋಡೆಯು ನಾಲ್ಕು ಮಳೆಗಾಲಗಳಲ್ಲಿ ಏನಾಗುವದೆಂದು ಹಳ್ಳಿಯ ವಾಚಕರಿಗೆ ನಾವು ಹೇಳಬೇಕಾದದ್ದಿಲ್ಲ. ಆ ಅರಮನೆಗಳು ಕುಸಿದು, ತಮ್ಮ ಮಣ್ಣಿನಿಂದಲೇ ತಮ್ಮನ್ನು ಮುಚ್ಚಿಕೊಂಡವು. ಮೇಲೆ ಹುಲ್ಲು ಬೆಳೆಯಿತು. ಹೀಗೆ ಅಲ್ಲಿ ಎರಡು ದೊಡ್ಡ ದಿಬ್ಬಗಳು ಉಳಿದವು. ಒಂದಕ್ಕೆ ಕುಯುಂಜಿಕ್ ಎಂದೂ ಇನ್ನೊಂದಕ್ಕೆ ನೆಬಿ ಯೂನಸ್, ಅಂದರೆ ಪ್ರವಾದಿಯಾದ ಯೋನ, ಎಂದೂ ಹೆಸರು. 1820ರಲ್ಲಿ ರಿಚ್ ಎಂಬ ಆಂಗ್ಲ ಅಧಿಕಾರಿಯು ಇವುಗಳನ್ನು ಅಳೆದು ನಕ್ಷೆ ಮಾಡಿದನು.

2. ಗುದ್ದಲಿಯ ಕೆಲಸ

1842ರಲ್ಲಿ ಬೋಟಾ ಎಂಬವನು ಫ್ರಾನ್ಸ್ ದೇಶದ ಕಾನ್ಸಲನಾಗಿ ಮೋಸುಲಿಗೆ ಬಂದು, ಆ ವರ್ಷದ ದಶಂಬರದಲ್ಲಿ ಕುಯುಂಜಿಕ್ ದಿಬ್ಬವನ್ನು ಅಗೆಯಿಸಿದನು. ಹೇಳತಕ್ಕಂಥದ್ದೇನೂ ಸಿಕ್ಕಲಿಲ್ಲ. ಆಗ ಖೋರ್ಸಾಬಾದ್ ಎಂಬ ಹಳ್ಳಿಯವನೊಬ್ಬನು, ನಮ್ಮೂರಿನಲ್ಲಿ ಇಂಥ ಕೆತ್ತಿದ ಕಲ್ಲುಗಳು ಬೇಕಾದಷ್ಟಿವೆ ಎಂದು ತಿಳಿಸಿದನು. ಬೋಟಾ 1843ರ ಮಾರ್ಚಿಯಲ್ಲಿ ಕೆಲವು ಆಳುಗಳನ್ನು ಅಲ್ಲಿಗೆ ಕಳುಹಿಸಲು, ಸ್ವಲ್ಪ ಆಳದಲ್ಲಿಯೇ ಅರಮನೆಯ ಗೋಡೆ ಕಾಣಿಸಿತು. ಬೋಟಾ ಇದೇ ನಿನೆವೆ ಎಂದು ಸಾರಿದನು.

1845ರ ನವೆಂಬರಿನಲ್ಲಿ ಲೇಯರ್ಡ್ ಎಂಬ ಆಂಗ್ಲನು ನದಿಯ ಕೆಳಗಡೆಯಲ್ಲಿರುವ ನಿಮ್ರೂದ್ ದಿಬ್ಬವನ್ನು ಆರು ಮಂದಿ ಆಳುಗಳಿಂದ ಅಗೆಯಲಾರಂಭಿಸಿದನು. ಮೊದಲನೆಯ ದಿನದಲ್ಲಿಯೇ ಎರಡು ಅರಮನೆಗಳ ಗುರುತು ಸಿಕ್ಕಿತು. ಅವನೂ ಇದೇ ನಿನೆವೆ ಎಂದು ನಂಬಿ, 1849ರಲ್ಲಿ ಅಚ್ಚಾದ ತನ್ನ ಪುಸ್ತಕಕ್ಕೆ ನಿನೆವೆಯ ಹೆಸರನ್ನೇ ಇಟ್ಟನು.

ಇಬ್ಬರ ಎಣಿಕೆಯೂ ತಪ್ಪಾಗಿತ್ತು. ಅಕ್ಷರಗಳನ್ನು ಓದಲಾದ ಮೇಲೆ ತಿಳಿದುಬಂದದ್ದೇನಂದರೆ, ಖೋರ್ಸಾಬಾದ್ ಸರ್ಗೋನನೆಂಬ ಅರಸನು ಹೊಸದಾಗಿ ಕಟ್ಟಿಸಿದ ಪಟ್ಟಣವು. ನಿಮ್ರೂದ್ ಆದಿಕಾಂಡ 10ನೆಯ ಅಧ್ಯಾಯದಲ್ಲಿ ಹೇಳಿರುವ ಕೆಲಹವು. ನಿಜವಾದ ನಿನೆವೆಯು ಬೋಟಾ ಬಿಟ್ಟುಹೋದ ಕುಯುಂಜಿಕ್ ದಿಬ್ಬದ ಕಡೆಯಲ್ಲಿಯೇ ಇತ್ತು. ಅಲ್ಲಿ ಲೇಯರ್ಡನು 1847ರಲ್ಲಿಯೂ, ತಿರಿಗಿ 1849ರಿಂದ 1851ರ ವರೆಗೂ ಅಗೆದು, ಸನ್ಹೇರೀಬನ ಅರಮನೆಯನ್ನು ಕಂಡನು. ಎಪ್ಪತ್ತಕ್ಕೆ ಹೆಚ್ಚು ಕೋಣೆಗಳು ತೆರೆಯಲ್ಪಟ್ಟವು. 1853ರಲ್ಲಿ ಮೋಸುಲಿನವನೇ ಆದ ಹೊರ್ಮುಜ್ದ್ ರಸ್ಸಾಮನು, ಆ ದೇಶದ ಪ್ರಾಚೀನ ಸಭೆಯ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವನು, ಅದೇ ದಿಬ್ಬದಲ್ಲಿ ಅಶ್ಶೂರ್‌ಬನಿಪಾಲನ ಅರಮನೆಯನ್ನು ಕಂಡುಹಿಡಿದನು.

ಈ ಪ್ರಸಿದ್ಧರ ಹೆಸರುಗಳ ಸಂಗಡ ಹೆಸರಿಲ್ಲದವರನ್ನೂ ನೆನಸಬೇಕು. ಲೇಯರ್ಡನ ಕೆಲಸದಲ್ಲಿ ಬೆಟ್ಟದ ಸೀಮೆಯ ಕ್ರೈಸ್ತರು ಪಿಕಾಸಿಯಿಂದ ಅಗೆಯುತ್ತಿದ್ದರು. ಅರಬರು ಮಣ್ಣನ್ನು ಬುಟ್ಟಿಗಳಲ್ಲಿ ಹೊರುತ್ತಿದ್ದರು. ರೆಕ್ಕೆಗಳೂ ಮನುಷ್ಯನ ಮುಖವೂ ಉಳ್ಳ ಹೋರಿಯ ಒಂದು ಕಲ್ಲುವಿಗ್ರಹವನ್ನು ನದಿಗೆ ಸಾಗಿಸಬೇಕಾದಾಗ ನೂರಾರು ಮಂದಿ ಬಂಡಿಯ ಹಗ್ಗವನ್ನು ಎಳೆದರು. ನದಿಯಲ್ಲಿ, ಗಾಳಿ ತುಂಬಿದ ಕುರಿ ಆಡುಗಳ ತೊಗಲುಗಳ ಮೇಲೆ ಕಟ್ಟಿದ ತೆಪ್ಪಗಳು ಆ ಭಾರವನ್ನು ಹೊತ್ತವು. ಕೆಲವು ಪೆಟ್ಟಿಗೆಗಳು ಬಸ್ರಾದಿಂದ ನಮ್ಮ ಮುಂಬಯಿಯ ಮಾರ್ಗವಾಗಿ ಲಂಡನಿಗೆ ಹೋದವು. ನಿಮ್ರೂದಿನ ಚಿತ್ರಶಿಲೆಗಳನ್ನು ಇಂದಿಗೂ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಎಲ್ಲವೂ ಸುಖವಾಗಿ ಮುಟ್ಟಲಿಲ್ಲ. 1855ರಲ್ಲಿ ಕುರ್ನಾ ಎಂಬಲ್ಲಿ ಕಳ್ಳರು ಮೇಲೆ ಬೀಳಲು, ಖೋರ್ಸಾಬಾದಿನ ಕಲ್ಲುಗಳಿದ್ದ ದೋಣಿಯೂ ತೆಪ್ಪಗಳೂ ಮುಳುಗಿಹೋದವು.

3. ಅಕ್ಷರಗಳನ್ನು ಓದಿದ್ದು

ಕಲ್ಲು ಸಿಕ್ಕಿದ ಮಾತ್ರಕ್ಕೆ ಅರ್ಥವು ಸಿಕ್ಕಲಿಲ್ಲ. ಅಶ್ಶೂರ್ಯರ ಅಕ್ಷರಗಳು ಸಣ್ಣ ಮೊಳೆಗಳನ್ನು ಜೋಡಿಸಿದ ಹಾಗೆ ಕಾಣುತ್ತವೆ. ಇವುಗಳನ್ನು ಓದುವದಕ್ಕೆ ಶ್ರಮಪಟ್ಟವರಲ್ಲಿ ಸೈನ್ಯಾಧಿಕಾರಿಯಾದ ರಾಲಿನ್‌ಸನ್ನನೂ, ಐರ್ಲೆಂಡಿನ ಒಂದು ಸಣ್ಣ ಊರಿನ ಸಭೆಯ ಪಾಲಕನಾದ ಹಿಂಕ್ಸನೂ ಮುಖ್ಯರು. ಆದರೂ ಅನೇಕರು, ಇವರು ತಮಗೆ ತೋಚಿದ್ದನ್ನು ಹೇಳುತ್ತಾರೆಂದು ಸಂದೇಹಪಟ್ಟರು. ಈ ಸಂದೇಹವನ್ನು ತೀರಿಸುವದಕ್ಕಾಗಿ 1857ರಲ್ಲಿ ಲಂಡನಿನ ರಾಯಲ್ ಏಷಿಯಾಟಿಕ್ ಸೊಸೈಟಿಯವರು ಒಂದು ಪರೀಕ್ಷೆಯನ್ನು ನಡಿಸಿದರು. ಹೇಗೆಂದರೆ, ಒಂದೇ ಲೇಖನವನ್ನು ರಾಲಿನ್‌ಸನ್, ಹಿಂಕ್ಸ್, ಟಾಲ್ಬಟ್, ಓಪ್ಪೆರ್ ಎಂಬ ನಾಲ್ವರು ಬೇರೆಬೇರೆಯಾಗಿ ಭಾಷಾಂತರಿಸಿ ಮುದ್ರೆ ಹಾಕಿ ಕೊಟ್ಟರು. ಮುದ್ರೆಯೊಡೆದು ಹೋಲಿಸಿ ನೋಡಲು, ಮುಖ್ಯ ವಿಷಯಗಳಲ್ಲಿ ನಾಲ್ಕೂ ಒಂದಾಗಿದ್ದವು. ಅಂದಿನಿಂದ ಈ ಓದುವಿಕೆಗೆ ನಂಬಿಕೆ ಹುಟ್ಟಿತು.

ಅಶ್ಶೂರ್‌ಬನಿಪಾಲನು ನಿನೆವೆಯಲ್ಲಿ ದೊಡ್ಡ ಪುಸ್ತಕಭಂಡಾರವನ್ನು ಇಟ್ಟಿದ್ದನು. ಅವನ ಪುಸ್ತಕಗಳು ಮಣ್ಣಿನ ಹಲಗೆಗಳು. ಪಟ್ಟಣವನ್ನು ಸುಟ್ಟ ಬೆಂಕಿಯು ಮರವನ್ನು ಬೂದಿ ಮಾಡಿತು. ಈ ಹಲಗೆಗಳಲ್ಲಿ ಅನೇಕವನ್ನಾದರೋ ಕುಂಬಾರನ ಆವಿಗೆಯ ಹಾಗೆ ಬೇಯಿಸಿ ಗಟ್ಟಿಮಾಡಿತು. ನಿನೆವೆಯಿಂದ ಬಂದ 30,000ಕ್ಕೆ ಹೆಚ್ಚು ಹಲಗೆಗಳೂ ಚೂರುಗಳೂ ಲಂಡನಿನ ಬ್ರಿಟಿಷ್ ಮ್ಯೂಸಿಯಮಿನಲ್ಲಿವೆ. ನೋಟುಗಳಿಗೆ ಅಚ್ಚು ಕೆತ್ತುವ ಕಸಬಿನವನಾಗಿದ್ದು ತಾನಾಗಿಯೇ ಈ ಲಿಪಿಯನ್ನು ಕಲಿತ ಜಾರ್ಜ್ ಸ್ಮಿತ್, 1872ರಲ್ಲಿ ಆ ಚೂರುಗಳೊಳಗೆ ಒಂದು ಜಲಪ್ರಳಯದ ಕಥೆಯನ್ನು ಓದಿದನು.

4. ಮೂರು ಸಾಕ್ಷಿಗಳು

ಮೊದಲನೆಯದು, ಸರ್ಗೋನನದು. ಈ ಅರಸನ ಹೆಸರು ಸತ್ಯವೇದದಲ್ಲಿ ಯೆಶಾಯ 20:1ರಲ್ಲಿ ಮಾತ್ರವೇ ಇದೆ. ಆದಕಾರಣ ಇದು ಬೇರೊಬ್ಬ ಅರಸನ ಇನ್ನೊಂದು ಹೆಸರಾಗಿರಬಹುದೆಂದು ಎಣಿಸಿದ ಪಂಡಿತರಿದ್ದರು. ಖೋರ್ಸಾಬಾದಿನ ಅರಮನೆಯು ಅವನದೇ. ಪ್ರವಾದಿಯ ಒಂದು ವಚನದಲ್ಲಿ ಮಾತ್ರ ಉಳಿದಿದ್ದ ಹೆಸರಿನವನು ನಿಜವಾದ ದೊಡ್ಡ ಅರಸನೆಂದು ಇದರಿಂದ ಗೊತ್ತಾಯಿತು.

ಎರಡನೆಯದು, ಯೇಹುವಿನದು. 1846ರಲ್ಲಿ ನಿಮ್ರೂದಿನಲ್ಲಿ ಒಂದು ಕಪ್ಪು ಕಲ್ಲಿನ ಕಂಬ ಸಿಕ್ಕಿತು. ಅದು ಮೂರನೆಯ ಶಲ್ಮನೆಸೆರನದು. ಅದರಲ್ಲಿ ಒಬ್ಬನು ಅರಸನ ಪಾದದ ಬಳಿ ನೆಲಕ್ಕೆ ಬಾಗಿರುವ ಚಿತ್ರವುಂಟು. ಮೇಲಿರುವ ಬರಹವು ಇದನ್ನು ಒಮ್ರಿಯ ಮಗನಾದ ಯೇಹುವಿನ ಕಪ್ಪವೆಂದು ಹೇಳುತ್ತದೆ. ಈ ಕಪ್ಪವು ಕ್ರಿ. ಪೂ. 841ರದು. ಇದರ ಸುದ್ದಿ ಅರಸುಗಳ ಪುಸ್ತಕದಲ್ಲಿ ಇಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ಯೇಹು ಒಮ್ರಿಯ ಮಗನಲ್ಲ, ಅವನ ಮನೆತನವನ್ನು ನಿರ್ಮೂಲ ಮಾಡಿದವನು. ಅಶ್ಶೂರ್ಯರು ಇಸ್ರಾಯೇಲ್ ರಾಜ್ಯವನ್ನೇ ಒಮ್ರಿಯ ಮನೆಯೆಂದು ಕರೆಯುತ್ತಿದ್ದರಾದ್ದರಿಂದ ಹೀಗೆ ಬರೆದರು.

ಮೂರನೆಯದು, ಸನ್ಹೇರೀಬನದು. ಅವನು ಕ್ರಿ. ಪೂ. 701ರಲ್ಲಿ ಯೆಹೂದದ ಮೇಲೆ ಬಂದದ್ದನ್ನು ಆರು ಮುಖಗಳುಳ್ಳ ಸುಟ್ಟ ಮಣ್ಣಿನ ಒಂದು ಸ್ತಂಭದಲ್ಲಿ ಬರೆಸಿದ್ದಾನೆ. 46 ಕೋಟೆಯೂರುಗಳನ್ನು ಹಿಡಿದೆನೆಂದೂ, ಹಿಜ್ಕೀಯನನ್ನು ಪಂಜರದ ಪಕ್ಷಿಯಂತೆ ಯೆರೂಸಲೇಮಿನಲ್ಲಿ ಮುಚ್ಚಿದೆನೆಂದೂ ಹೆಚ್ಚಳಪಡುತ್ತಾನೆ. ಬಂಗಾರದ ಕಪ್ಪವು 30 ತಲಾಂತೆಂದು ಅವನೂ ಅರಸುಗಳ ಪುಸ್ತಕವೂ ಒಂದೇ ಲೆಕ್ಕವನ್ನು ಕೊಡುತ್ತವೆ. ಬೆಳ್ಳಿಯಾದರೋ ಪುಸ್ತಕದಲ್ಲಿ 300, ಸ್ತಂಭದಲ್ಲಿ 800. ಯೆರೂಸಲೇಮನ್ನು ಹಿಡಿದೆನೆಂದು ಅವನು ಎಲ್ಲಿಯೂ ಹೇಳುವದಿಲ್ಲ. ತನ್ನ ಅರಮನೆಯ ಗೋಡೆಗೆ ಅವನು ಲಾಕೀಷ್ ಎಂಬ ಊರನ್ನು ಹಿಡಿದ ಚಿತ್ರವನ್ನು ಕೆತ್ತಿಸಿದನು. ಅದರಲ್ಲಿ ಅರಸನು ಸಿಂಹಾಸನದ ಮೇಲೆ ಕೂತಿದ್ದಾನೆ. ಎತ್ತಿನ ಬಂಡಿಯ ಮೇಲೆ ಗಂಟುಮೂಟೆಗಳನ್ನು ಹೇರಿಕೊಂಡು, ಮಕ್ಕಳೊಡನೆ ತಾಯಂದಿರು ಸೆರೆಗೆ ಹೋಗುತ್ತಿದ್ದಾರೆ. ನಹೂಮನು ನಿನೆವೆಯ ಮೇಲೆ ಹೊರಿಸಿದ ರಕ್ತಾಪರಾಧವನ್ನು ನಿನೆವೆಯೇ ತನ್ನ ಕೈಯಿಂದ ಕಲ್ಲಿನಲ್ಲಿ ಬರೆದುಕೊಂಡಂತಾಯಿತು.

5. ನಾವು ತಿಳಿದುಕೊಳ್ಳತಕ್ಕದ್ದು

ಈ ಸಂಗತಿಗಳನ್ನು ಕೇಳಿ ಸಂತೋಷಪಡುವವರು, ಕಲ್ಲುಗಳು ಎಲ್ಲವನ್ನೂ ರುಜುಪಡಿಸಿದವೆಂದು ಸಂತೆಯಲ್ಲಿಯೂ ಕೂಟದಲ್ಲಿಯೂ ಹೇಳಿಬಿಡುವದುಂಟು. ಹಾಗೆ ಹೇಳುವದು ಸರಿಯಲ್ಲ. ಯೋನನ ಹೆಸರುಳ್ಳ ಅಶ್ಶೂರ ಲೇಖನವು ಈ ವರೆಗೆ ಸಿಕ್ಕಿಲ್ಲ. ಸನ್ಹೇರೀಬನ ದಂಡಿಗೆ ಒಂದು ರಾತ್ರಿಯಲ್ಲಿ ಉಂಟಾದ ನಾಶವನ್ನೂ ಅವನ ಸ್ತಂಭವು ಹೇಳುವದಿಲ್ಲ. ಗೆದ್ದದ್ದನ್ನು ಕೆತ್ತಿಸುವ ಅರಸನು ಸೋತದ್ದನ್ನು ಕೆತ್ತಿಸುವದು ಅಪೂರ್ವ. ಅವನು ಮಕ್ಕಳ ಕೈಯಿಂದ ಸತ್ತನೆಂದು 2 ಅರಸುಗಳು 19:37ರಲ್ಲಿ ಇದೆ. ಮಗನ ಕೈಯಿಂದ ಸತ್ತನೆಂದು ಬಾಬೆಲಿನ ಒಂದು ಮಣ್ಣಿನ ಹಲಗೆಯಲ್ಲಿಯೂ ಇದೆ. ಸಾಕ್ಷಿಯು ಮಾತಾಡುವಲ್ಲಿ ಕೇಳಬೇಕು. ಸುಮ್ಮನಿರುವಲ್ಲಿ ಅವನ ಬಾಯಲ್ಲಿ ನಮ್ಮ ಮಾತನ್ನು ಇಡಬಾರದು. ಪಂಚಾಯ್ತಿಯಲ್ಲಿ ಕಂಡದ್ದಕ್ಕಿಂತ ಹೆಚ್ಚು ಹೇಳಿದ ಸಾಕ್ಷಿಯು ಕಂಡದ್ದನ್ನೂ ಕೆಡಿಸುತ್ತಾನಲ್ಲವೇ? ಓದುವದಕ್ಕೆ ಮುಂಚೆ ಹೆಸರಿಟ್ಟು ಬೋಟಾನೂ ಲೇಯರ್ಡನೂ ತಪ್ಪಿದರು. ಮುದ್ರೆ ಹಾಕಿ ಪರೀಕ್ಷೆಗೆ ಒಪ್ಪಿಸಿದ ನಾಲ್ವರು ನಂಬಿಕೆಗೆ ಯೋಗ್ಯರಾದರು.

ಈ ಸಾಕ್ಷಿಯು ಸ್ಥಿರವಾದದ್ದೆಂದೂ ಎಣಿಸಬಾರದು. 2014ರಲ್ಲಿ ನೆಬಿ ಯೂನಸಿನ ಮಸೀದಿಯನ್ನೂ 2015ರಲ್ಲಿ ನಿಮ್ರೂದಿನ ಅರಮನೆಯನ್ನೂ ಶಸ್ತ್ರಧಾರಿಗಳು ಮದ್ದಿಟ್ಟು ಕೆಡವಿದರು. ಎರಡು ಸಾವಿರದ ಐನೂರು ವರ್ಷ ಮಣ್ಣು ಕಾಪಾಡಿದ್ದನ್ನು ಮನುಷ್ಯರು ಕ್ಷಣದಲ್ಲಿ ಪುಡಿಮಾಡಿದರು. ಆದುದರಿಂದ ಹಳೆಯ ಕಲ್ಲನ್ನಾಗಲಿ, ಬರಹವನ್ನಾಗಲಿ ಕಂಡವರು ಅದನ್ನು ಒಡೆಯದೆ, ಬಲ್ಲವರಿಗೆ ತಿಳಿಸುವದು ಯುಕ್ತ. ಖೋರ್ಸಾಬಾದಿನ ಹಳ್ಳಿಯವನು ಬಾಯಿಬಿಟ್ಟು ಹೇಳದಿದ್ದರೆ ಸರ್ಗೋನನ ಅರಮನೆಯು ಇನ್ನೆಷ್ಟು ಕಾಲ ಮರೆಯಾಗಿರುತ್ತಿತ್ತೋ!

ಪ್ರಶ್ನೆಗಳು

1. ನಿನೆವೆಯ ಅರಮನೆಗಳು ಹೇಗೆ ದಿಬ್ಬಗಳಾದವು?
2. ಬೋಟಾನೂ ಲೇಯರ್ಡನೂ ಯಾವ ವಿಷಯದಲ್ಲಿ ತಪ್ಪಿದರು? ಅದು ಹೇಗೆ ತಿಳಿದುಬಂತು?
3. 1857ರ ಪರೀಕ್ಷೆಯಲ್ಲಿ ಮುದ್ರೆ ಹಾಕಿದ್ದೇಕೆ?
4. 2 ಅರಸುಗಳು 18:14ನ್ನು ಸನ್ಹೇರೀಬನ ಸ್ತಂಭದೊಡನೆ ಹೋಲಿಸಿರಿ. ಎಲ್ಲಿ ಒಂದಾಗಿವೆ? ಎಲ್ಲಿ ಬೇರೆಯಾಗಿವೆ?
5. ಕಲ್ಲು ಹೇಳದ ಸಂಗತಿಯನ್ನು ಕಲ್ಲು ಹೇಳಿತೆಂದರೆ ಕೇಳುವವರಿಗೆ ಏನು ಹಾನಿ?