ಫ್ಯಾಕ್ಟರಿಯ ನರ್ಸ್‌ಗೆ ಸಂಘ ಯಾಕೆ ಬೇಕು, ಅದು ಉಳಿಯೋದು ಹೇಗೆ?

ಇಂಟರ್ನ್‌ಶಿಪ್‌ಗೆ ದೊಡ್ಡ ಫ್ಯಾಕ್ಟರಿಗೆ ಹೋದವರು ಅಲ್ಲಿ ಒಂದು ಆರೋಗ್ಯ ಕೇಂದ್ರ ನೋಡಿರ್ತೀರಿ. ಬೆರಳು ಕೊಯ್ದುಕೊಂಡರೆ ಬ್ಯಾಂಡೇಜ್ ಹಾಕಿಸಿಕೊಳ್ಳೋ ಕೋಣೆ ಅಂತಲೇ ನಮ್ಮೆಲ್ಲರ ಲೆಕ್ಕ. ನಮ್ಮ 1948ರ ಕಾರ್ಖಾನೆ ಕಾಯ್ದೆ 500ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ವೈದ್ಯಕೀಯ ಮತ್ತು ಶುಶ್ರೂಷಾ ಸಿಬ್ಬಂದಿ ಇರುವ ಆಂಬುಲೆನ್ಸ್ ಕೋಣೆ ಇರಬೇಕು ಎಂದಿತು. ಆದರೆ ಔದ್ಯೋಗಿಕ ಆರೋಗ್ಯದ ನರ್ಸ್ ಮಾಡುವ ಕೆಲಸ ಬ್ಯಾಂಡೇಜ್‌ಗೆ ಮುಗಿಯುವುದಿಲ್ಲ.

ಒಂದು ಉದಾಹರಣೆ ನೋಡೋಣ. ಪ್ರೆಸ್ ಶಾಪಿನ ನಾಲ್ಕೈದು ಜನರ ಶ್ರವಣ ಪರೀಕ್ಷೆಯಲ್ಲಿ 4000 ಹರ್ಟ್ಸ್ ಸುತ್ತಮುತ್ತ ಒಂದೇ ತರಹದ ಕುಸಿತ ಕಾಣುತ್ತದೆ. ಅತಿಯಾದ ಸದ್ದಿನಿಂದ ಕಿವಿ ಹಾಳಾಗುವಾಗ ಮೊದಲು ಪೆಟ್ಟು ಬೀಳುವುದು ಹೆಚ್ಚಾಗಿ ಅಲ್ಲೇ. ಒಬ್ಬೊಬ್ಬರ ವರದಿ ಬೇರೆಬೇರೆ ನೋಡಿದರೆ ಇದು ಗೊತ್ತಾಗಲ್ಲ. ಎಲ್ಲವನ್ನೂ ಜೋಡಿಸಿ ನೋಡುವ ನರ್ಸ್‌ಗೆ ಗೊತ್ತಾಗುತ್ತದೆ.

ಒಂಟಿತನದ ಸಮಸ್ಯೆ

ಆಸ್ಪತ್ರೆಯಲ್ಲಿ ಅನುಮಾನ ಬಂದರೆ ಕೇಳೋಕೆ ಪಕ್ಕದಲ್ಲೇ ಹಿರಿಯ ಸಿಸ್ಟರ್ ಇರ್ತಾರೆ. ಫ್ಯಾಕ್ಟರಿಯಲ್ಲಿ ಎಷ್ಟೋ ಸಲ ಆ ವೃತ್ತಿಯವರು ಒಬ್ಬರೇ. ಸಂಬಳ ಕೊಡುವುದು ಮ್ಯಾನೇಜ್‌ಮೆಂಟ್, ನಂಬಿ ಬರುವುದು ಕಾರ್ಮಿಕ. "ಯಾರ್ಯಾರಿಗೆ ಬಿ.ಪಿ., ಶುಗರ್ ಇದೆ, ಪಟ್ಟಿ ಕೊಡಿ" ಅಂತ ಮೇಲಿನವರು ಕೇಳಿದರೆ? "ಇದು ಗೌಪ್ಯ ಮಾಹಿತಿ" ಎಂದು ಒಬ್ಬರೇ ನಿಂತು ಹೇಳುವುದು ಕಷ್ಟ. "ನಮ್ಮ ವೃತ್ತಿಯ ನೀತಿಸಂಹಿತೆ ಇದನ್ನು ಒಪ್ಪುವುದಿಲ್ಲ" ಎನ್ನಲು ಹಿಂದೆ ಒಂದು ಸಂಘ ಇರಬೇಕು.

ಅಮೆರಿಕದ ಪಾಠ

1895ರಲ್ಲಿ ವರ್ಮಾಂಟ್ ಮಾರ್ಬಲ್ ಕಂಪನಿ ಏಡಾ ಮೇಯೊ ಸ್ಟೀವರ್ಟ್ ಎಂಬ ನರ್ಸ್ ಅನ್ನು ಕೆಲಸಕ್ಕೆ ಸೇರಿಸಿಕೊಂಡಿತು. ಯುದ್ಧಕಾಲದಲ್ಲಿ ಕಾರ್ಖಾನೆಗಳು ಬೆಳೆಯುತ್ತಿದ್ದ 1942ರಲ್ಲಿ ಅಲ್ಲಿನ ಕೈಗಾರಿಕಾ ನರ್ಸ್‌ಗಳು ರಾಷ್ಟ್ರೀಯ ಸಂಘ ಕಟ್ಟಿದರು. 1972ರಲ್ಲಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡಲು ಪ್ರತ್ಯೇಕ ಮಂಡಳಿ ಬಂತು. 1977ರಲ್ಲಿ ಸಂಘ ತನ್ನ ಹೆಸರಿನಲ್ಲಿದ್ದ 'ಕೈಗಾರಿಕಾ' ಪದ ಬಿಟ್ಟು 'ಔದ್ಯೋಗಿಕ ಆರೋಗ್ಯ' ಎಂದು ಇಟ್ಟುಕೊಂಡಿತು. ಕೆಲಸ ಕಾರ್ಖಾನೆಯ ಆಚೆಗೂ ಹರಡಿದಾಗ ಹೆಸರೂ ಅದರ ಜೊತೆ ಹೋಯಿತು. ಸಂಘಕ್ಕೆ ತನ್ನದೇ ಪತ್ರಿಕೆಯೂ ಇದೆ.

ಉಳಿಯಲು ಏನು ಬೇಕು?

ಮೊದಲನೆಯದು, ಸದಸ್ಯರಿಗೆ ಒಬ್ಬರೇ ಇದ್ದರೆ ಸಿಗದಂಥದ್ದು ಸಿಗಬೇಕು: ಮಾನದಂಡ, ತರಬೇತಿ, ಫೋನ್ ಮಾಡಿ ಕೇಳಬಹುದಾದ ಹಿರಿಯರು. ವರ್ಷಕ್ಕೊಂದು ಸನ್ಮಾನ, ಗ್ರೂಪ್ ಫೋಟೊ ಇಷ್ಟೇ ಆದರೆ ಎರಡನೇ ವರ್ಷ ಶುಲ್ಕ ಕಟ್ಟೋರು ಯಾರು?

ಎರಡನೆಯದು, ದುಡ್ಡಿನ ದಾರಿ. ಶುಲ್ಕವನ್ನು ಕಂಪನಿಯೇ ಕಟ್ಟುತ್ತಿದ್ದರೆ, ಖರ್ಚು ಕಡಿತದ ಹೊತ್ತಲ್ಲಿ ಮೊದಲು ಹೋಗುವುದು ಅದೇ. ಇಯರ್‌ಪ್ಲಗ್ ಮಾರುವವರ ಪ್ರಾಯೋಜಕತ್ವವನ್ನೇ ನೆಚ್ಚಿಕೊಂಡರೆ, "ಇಯರ್‌ಪ್ಲಗ್ ಕೊನೆಯ ಉಪಾಯ, ಮೊದಲು ಯಂತ್ರದ ಸದ್ದು ಇಳಿಸಿ" ಎಂದು ಹೇಳಲು ನಾಲಿಗೆ ಹೊರಳುವುದಿಲ್ಲ. ಸಣ್ಣ ಶುಲ್ಕ, ಕೋರ್ಸ್‌ಗಳ ಆದಾಯ, ಮಿತಿಯೊಳಗಿನ ಪ್ರಾಯೋಜಕತ್ವ, ಮೂರೂ ಸೇರಬೇಕು.

ಮೂರನೆಯದೇ ಕಷ್ಟದ್ದು: ಮುಂದಿನವರು. ನಮ್ಮ ಕಾಲೇಜಿನ ಕ್ಲಬ್‌ಗಳನ್ನೇ ನೋಡಿ. ಫೈನಲ್ ಇಯರ್‌ನವರು ಹೋದ ಕೂಡಲೇ ಪಾಸ್‌ವರ್ಡೂ ಇರಲ್ಲ, ಲೆಕ್ಕದ ಪುಸ್ತಕವೂ ಇರಲ್ಲ. ಶಿಫ್ಟ್‌ನಲ್ಲಿ ದುಡಿದು, ಮನೆಯನ್ನೂ ನೋಡಿಕೊಳ್ಳುವ ನರ್ಸ್‌ಗೆ 'ಕಾರ್ಯದರ್ಶಿ ಆಗಿ' ಅಂದರೆ ಹೆದರುತ್ತಾರೆ. 'ಈ ತಿಂಗಳ ಸಭೆಗೆ ಒಬ್ಬ ಉಪನ್ಯಾಸಕರನ್ನು ಕರೆಯಿರಿ' ಅಂದರೆ ಒಪ್ಪುತ್ತಾರೆ. ದೊಡ್ಡ ಹುದ್ದೆಯನ್ನು ಸಣ್ಣ ಕೆಲಸಗಳಾಗಿ ಒಡೆಯಬೇಕು, ಮುಂದಿನ ಅಧ್ಯಕ್ಷರನ್ನು ಒಂದು ವರ್ಷ ಮೊದಲೇ ಆರಿಸಿ ಜೊತೆಯಲ್ಲಿ ಕೂರಿಸಿಕೊಳ್ಳಬೇಕು.

ಸದಸ್ಯರು ತೀರಾ ಕಡಿಮೆಯಾದರೆ ದೊಡ್ಡ ನರ್ಸ್‌ಗಳ ಸಂಘದೊಳಗೆ ಒಂದು ವಿಭಾಗವಾಗುವ ದಾರಿಯೂ ಇದೆ. ಕಚೇರಿ ಖರ್ಚು ಉಳಿಯುತ್ತದೆ; ಆದರೆ ಆಸ್ಪತ್ರೆಯ ಸಾವಿರ ಸಮಸ್ಯೆಗಳ ನಡುವೆ ಪ್ರೆಸ್ ಶಾಪಿನ ಕಿವಿಗಳ ಮಾತು ಹಿಂದೆ ಬೀಳಬಹುದು.

ನಮಗೇನು?

ಯಂತ್ರಕ್ಕೆ ಸದ್ದು ತಡೆಯುವ ಕವಚ ಹಾಕುವುದು ನರ್ಸ್ ಕೆಲಸವಲ್ಲ, ಇಂಜಿನಿಯರ್ ಕೆಲಸ. ನಾಳೆ ನಮ್ಮಲ್ಲೇ ಯಾರೋ ಪ್ಲಾಂಟ್ ಮ್ಯಾನೇಜರ್ ಆಗ್ತೀವಿ. ಆಗ ನರ್ಸ್ ಆ ಆಡಿಯೋಗ್ರಾಮ್‌ಗಳನ್ನು ತಂದರೆ ಕೂತು ನೋಡೋಣ. ಸಂಘದ ಸಭೆಗೆ ಒಂದು ದಿನ ರಜೆ ಕೇಳಿದರೆ ಸಹಿ ಹಾಕೋಣ. ಅದನ್ನು ಆನ್ ಡ್ಯೂಟಿ ಅಂತಲೇ ಬರೆಯೋಣ.